ಪರದೆ ಮೇಲೆ ಕೀಬೋರ್ಡಿನ ಅಚ್ಚು: ಒರೆಸಿದರೆ ಸಾಕೋ, ರಿಪೇರಿಯೇ ಬೇಕೋ?

ಲ್ಯಾಪ್‌ಟಾಪ್ ಆಫ್ ಮಾಡಿ, ಪರದೆಯನ್ನು ಕಿಟಕಿಯ ಬೆಳಕಿಗೆ ಸ್ವಲ್ಪ ಓರೆಯಾಗಿ ಹಿಡಿದು ನೋಡಿ. ಕೆಳ ಅರ್ಧದಲ್ಲಿ ಸಣ್ಣ ಸಣ್ಣ ಚೌಕಗಳ ಸಾಲು, ನಡುವಿನಲ್ಲಿ ಸ್ಪೇಸ್‌ಬಾರ್‌ನಷ್ಟೇ ಉದ್ದದ ಒಂದು ಗೆರೆ, ಅದರ ಮೇಲೆ ಟಚ್‌ಪ್ಯಾಡ್‌ನ ಅಂಚು ಕಂಡರೆ ಅದು ಕೀಬೋರ್ಡ್ ಬಿಟ್ಟ ಅಚ್ಚು. ಮುಚ್ಚಿದ ಲ್ಯಾಪ್‌ಟಾಪಿನಲ್ಲಿ ಪರದೆಗೂ ಕೀಲಿಗಳಿಗೂ ನಡುವೆ ಉಳಿಯುವ ಜಾಗ ತೀರಾ ಕಡಿಮೆ. ಕ್ಯಾಮೆರಾ ಮುಚ್ಚಲು ಏನಾದರೂ ಅಂಟಿಸುವುದಿದ್ದರೆ ಅದು ಮಾಮೂಲಿ ಪ್ರಿಂಟರ್ ಕಾಗದಕ್ಕಿಂತ, ಅಂದರೆ 0.1 ಮಿಲಿಮೀಟರ್‌ಗಿಂತ, ದಪ್ಪ ಇರಬಾರದು ಎಂದು ಆಪಲ್ ತನ್ನ ಮ್ಯಾಕ್‌ಬುಕ್‌ಗಳ ಬಗ್ಗೆ ಹೇಳಿದೆ. ಬ್ಯಾಗಿನಲ್ಲಿ ಮುಚ್ಚಳದ ಮೇಲೆ ಭಾರ ಬಿದ್ದಾಗ ಈ ಸಣ್ಣ ಜಾಗವೂ ಮುಗಿದು, ಬೆರಳಿನಿಂದ ಕೀಲಿಗೆ ಹತ್ತಿದ ಜಿಡ್ಡು ಪರದೆಗೆ ಅಂಟುತ್ತದೆ.

ಅಂಗಡಿಗೆ ಓಡುವ ಮೊದಲು ಇದು ಯಾವ ಬಗೆಯ ಕಲೆ ಎಂದು ಗುರುತಿಸಿಕೊಳ್ಳಿ. ಒರೆಸಿದರೆ ಹೋಗುವುದು ಜಿಡ್ಡಿನ ಕಲೆ. ಒರೆಸಿದರೂ ಹೋಗದೆ, ಪರದೆ ಆಫ್ ಇದ್ದಾಗ ಓರೆ ಬೆಳಕಿನಲ್ಲಿ ಮಾತ್ರ ಎದ್ದು ಕಾಣುವುದು ಮೇಲಿನ ಲೇಪನ ಸವೆದ ಗುರುತು. ಆಫ್ ಇದ್ದಾಗ ಏನೂ ಕಾಣದೆ, ಬಿಳಿ ಪುಟ ತೆರೆದಾಗ ಹೊಳೆಯುವ ಮಚ್ಚೆಯಾಗಿ ಕಂಡರೆ ಪೆಟ್ಟು ಬಿದ್ದಿರುವುದು ಒಳಗೆ: ಬ್ಯಾಕ್‌ಲೈಟಿನ (ಪರದೆಯ ಹಿಂದಿನ ದೀಪದ) ಬೆಳಕನ್ನು ಹರಡುವ ತೆಳು ಹಾಳೆಗಳು ಒತ್ತಡಕ್ಕೆ ಸಿಕ್ಕಿವೆ. ಇದನ್ನು ಯಾವ ದ್ರಾವಣವೂ ತೆಗೆಯದು. ಬೆರಳಿನಿಂದ ಒತ್ತಿ ಸರಿ ಮಾಡಲು ಹೋದರೆ ಮಚ್ಚೆ ಹೆಚ್ಚುತ್ತದೆ.

ಒರೆಸುವ ಕ್ರಮ

ಲ್ಯಾಪ್‌ಟಾಪನ್ನು ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಪರದೆ ತಣ್ಣಗಾಗಲು ಬಿಡಿ. ಎರಡು ಮೈಕ್ರೋಫೈಬರ್ ಬಟ್ಟೆ ಬೇಕು, ಒಂದು ಒದ್ದೆಗೆ, ಒಂದು ಒಣಗಿಸಲು. ಮೊದಲು ಕ್ಯಾಮೆರಾ ಲೆನ್ಸಿಗೆ ಬಳಸುವ ರಬ್ಬರ್ ಬ್ಲೋವರಿನಿಂದ ಧೂಳು ಹಾರಿಸಿ. ಈ ಹಂತ ಬಿಟ್ಟರೆ ಬಟ್ಟೆಯಡಿ ಸಿಕ್ಕ ಮರಳಿನ ಕಣವೇ ಗೀರು ಹಾಕುತ್ತದೆ.

ನೀರು ಡಿಸ್ಟಿಲ್ಡ್ ಆಗಿರಲಿ. ಬೋರ್‌ವೆಲ್ ನೀರು ಬಳಸಿದರೆ ಒಣಗಿದ ಮೇಲೆ ಬಿಳಿ ಉಪ್ಪಿನ ಚುಕ್ಕೆ ಉಳಿಯುತ್ತದೆ, ಜಿಡ್ಡಿನ ಕಲೆಗಿಂತ ಅದೇ ಹೆಚ್ಚು ಕಾಡುತ್ತದೆ. ನೀರನ್ನು ಪರದೆಗೆ ಎಂದೂ ಚಿಮುಕಿಸಬೇಡಿ. ಕೆಳಗಿನ ಅಂಚಿಗೆ ಇಳಿದ ಒಂದೇ ಹನಿ, ಚಿತ್ರ ಮೂಡಿಸುವ ಭಾಗವಾದ ಪ್ಯಾನೆಲ್ಲಿನ ಸರ್ಕ್ಯೂಟಿಗೆ ತಲುಪಬಲ್ಲದು. ಬಟ್ಟೆಯನ್ನು ಒದ್ದೆ ಮಾಡಿ, ಹನಿ ಬೀಳದಷ್ಟು ಹಿಂಡಿ, ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ, ಬಟ್ಟೆಯ ಭಾರ ಮಾತ್ರ ಬೀಳುವ ಹಾಗೆ ಎಳೆಯಿರಿ. ಕೂಡಲೇ ಒಣ ಬಟ್ಟೆ ಆಡಿಸಿ. ಹಳೆಯ ಜಿಡ್ಡು ಒಂದೇ ಸಲಕ್ಕೆ ಬಿಡುವುದಿಲ್ಲ, ಇದನ್ನೇ ಮೂರು ನಾಲ್ಕು ಸಲ ಮಾಡಿ. ಒತ್ತಿ ಉಜ್ಜುವುದಕ್ಕಿಂತ ಹಗುರಾಗಿ ನಾಲ್ಕು ಸಲ ಒರೆಸುವುದೇ ಮೇಲು. ಅಷ್ಟಕ್ಕೂ ಹೋಗದಿದ್ದರೆ, ನಿಮ್ಮ ಮಾಡೆಲ್‌ನ ಕೈಪಿಡಿ ಒಪ್ಪಿದರೆ ಮಾತ್ರ, ಶೇ 70ರ ಐಸೋಪ್ರೊಪೈಲ್ ಆಲ್ಕೋಹಾಲನ್ನು ಬಟ್ಟೆಯ ತುದಿಗೆ ತಾಗಿಸಿ ಒರೆಸಿ.

ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣ ಮತ್ತು ನೇಲ್ ಪಾಲಿಶ್ ರಿಮೂವರ್ ಲೇಪನವನ್ನು ಕೆಡಿಸುತ್ತವೆ. ಕೈಗೆ ಹಚ್ಚುವ ಸ್ಯಾನಿಟೈಸರಿನಲ್ಲಿ ಗ್ಲಿಸರಿನ್‌ನಂಥ ಮೃದುಕಾರಕ ಇರುವುದರಿಂದ ಹೊಸ ಜಿಡ್ಡಿನ ಪದರವೇ ಉಳಿಯುತ್ತದೆ. ಟೂತ್‌ಪೇಸ್ಟ್ ಹಚ್ಚಿ ಗೀರು ತೆಗೆಯುವ ಸಲಹೆಯನ್ನು ದಯವಿಟ್ಟು ನಂಬಬೇಡಿ. ಅದರಲ್ಲಿರುವುದು ಉಜ್ಜುವ ಪುಡಿ. ಹೊಳಪಿಲ್ಲದ ಮ್ಯಾಟ್ ಪರದೆಯಲ್ಲಿ ಉಜ್ಜಿದಷ್ಟು ಜಾಗ ಮಿರುಗುವ ತೇಪೆಯಾಗಿ ಶಾಶ್ವತವಾಗಿ ಉಳಿಯುತ್ತದೆ.

ಕೀಲಿಗಳನ್ನೂ ಒರೆಸಿ

ಹೆಚ್ಚಿನವರು ತಪ್ಪುವುದು ಇಲ್ಲಿ. ಪರದೆಯನ್ನು ಪದೇ ಪದೇ ಒರೆಸುತ್ತಾರೆ, ಜಿಡ್ಡಿನ ಮೂಲವಾದ ಕೀಲಿಗಳನ್ನು ಮುಟ್ಟುವುದಿಲ್ಲ. ವಾರಕ್ಕೊಮ್ಮೆ, ಲ್ಯಾಪ್‌ಟಾಪ್ ಆಫ್ ಇರುವಾಗ, ಶೇ 70ರ ಆಲ್ಕೋಹಾಲಿನಿಂದ ತುಸು ಒದ್ದೆಯಾದ ಬೇರೆ ಬಟ್ಟೆಯಲ್ಲಿ ಕೀಲಿಗಳ ತಲೆ, ಟಚ್‌ಪ್ಯಾಡ್ ಮತ್ತು ಅಂಗೈ ಊರುವ ಜಾಗ ಒರೆಸಿ. ಪೂರ್ತಿ ಒಣಗಿದ ಮೇಲೆಯೇ ಮುಚ್ಚಳ ಹಾಕಿ. ಕೊಬ್ಬರಿ ಎಣ್ಣೆ ಅಥವಾ ಕುರುಕಲು ತಿಂಡಿ ಮುಟ್ಟಿದ ಕೈಯಲ್ಲಿ ಟೈಪ್ ಮಾಡಿದ ದಿನ ವಾರ ಕಾಯಬೇಡಿ.

ಪರದೆ, ಕೀಲಿ ಎರಡನ್ನೂ ಚೊಕ್ಕ ಮಾಡಿ ಒಂದು ವಾರ ಎಂದಿನಂತೆ ಬಳಸಿ ನೋಡಿ. ಅದೇ ಜಾಗದಲ್ಲಿ ಅಚ್ಚು ಮತ್ತೆ ಮೂಡಿದರೆ ಕೀಲಿ ಪರದೆಗೆ ತಾಗುತ್ತಿದೆ ಎಂದರ್ಥ. ಆಗ ಕಾರಣ ಹುಡುಕಬೇಕು. ಪರದೆಯ ಸುತ್ತ ಇರುವ ರಬ್ಬರ್ ಬಿರಡೆಯೋ ಪಟ್ಟಿಯೋ ಉದುರಿದೆಯೇ ನೋಡಿ. ಯಾವುದಾದರೂ ಕೀಲಿ ಅಡಿಯಲ್ಲಿ ಕಸ ಸಿಕ್ಕಿ ಎತ್ತರ ನಿಂತಿದೆಯೇ, ಹಿಂಜ್ (ಮುಚ್ಚಳದ ಕೀಲು) ಸಡಿಲವಾಗಿ ಮುಚ್ಚಳ ಒಂದು ಬದಿಗೆ ವಾಲಿದೆಯೇ ಪರೀಕ್ಷಿಸಿ. ಲೆನೊವೊದ ಥಿಂಕ್‌ಪ್ಯಾಡ್ ಆದರೆ ಕೀಬೋರ್ಡಿನ ನಡುವಿನ ಕೆಂಪು ಗುಂಡಿಯ ಟೋಪಿಯನ್ನೂ ಗಮನಿಸಿ. ಹಳೆಯ ಎತ್ತರದ ಟೋಪಿಯನ್ನು ಹೊಸ ತೆಳು ಮಾಡೆಲ್‌ಗೆ ಹಾಕಿದರೆ ಪರದೆಯ ನಡುವೆ ಚುಕ್ಕೆ ಬೀಳುತ್ತದೆ.

ಇವೆಲ್ಲಕ್ಕಿಂತ ಗಂಭೀರವಾದದ್ದು ಊದಿದ ಬ್ಯಾಟರಿ. ಟಚ್‌ಪ್ಯಾಡ್ ಒತ್ತಲು ಬಿಗಿಯಾಗಿದ್ದರೆ, ಅಥವಾ ಮೇಜಿನ ಮೇಲಿಟ್ಟಾಗ ಲ್ಯಾಪ್‌ಟಾಪ್ ತೂಗಾಡಿದರೆ ಬ್ಯಾಟರಿ ಉಬ್ಬಿ ಕೀಬೋರ್ಡನ್ನು ಮೇಲೆ ನೂಕುತ್ತಿರಬಹುದು. ಚಾರ್ಜ್ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿ, ಮುಚ್ಚಳವನ್ನು ಒತ್ತಿ ಮುಚ್ಚದೆ ಸರ್ವೀಸಿಗೆ ಒಯ್ಯಿರಿ. ಊದಿದ ಬ್ಯಾಟರಿಯನ್ನು ಚುಚ್ಚಿದರೆ ಅಥವಾ ಬಾಗಿಸಿದರೆ ಬೆಂಕಿ ಹತ್ತುವ ಅಪಾಯವಿದೆ.

ಬ್ಯಾಗಿನಲ್ಲಿ ಚಾರ್ಜರಿನ ಇಟ್ಟಿಗೆ, ಟಿಫನ್ ಡಬ್ಬಿ, ನೀರಿನ ಬಾಟಲಿ ಮುಚ್ಚಳದ ಬದಿಗೆ ಬರದಿರಲಿ. ಮುಚ್ಚಳ ನಿಮ್ಮ ಬೆನ್ನಿನ ಕಡೆಗೆ, ತಳ ಪುಸ್ತಕಗಳ ಕಡೆಗೆ ಇರಲಿ. ತುಂಬಿದ ಬಸ್ಸಿನಲ್ಲಿ ಬ್ಯಾಗನ್ನು ಎದೆಗೆ ಹಾಕಿಕೊಂಡರೆ ಹಿಂದಿನವರ ಒತ್ತಡ ತಪ್ಪುತ್ತದೆ. ಕೀಬೋರ್ಡಿಗೆ ಸಿಲಿಕೋನ್ ಹೊದಿಕೆ ಹಾಕುವವರು ಮುಚ್ಚುವ ಮೊದಲು ಅದನ್ನು ತೆಗೆಯಲೇಬೇಕು. ಡಬ್ಬದಲ್ಲಿ ಬಂದಿದ್ದ ತೆಳು ಹಾಳೆಯನ್ನು ನಡುವೆ ಇಡಬಹುದು, ಆದರೆ ದಪ್ಪ ಬಟ್ಟೆ ಇಟ್ಟು ಮುಚ್ಚಿದರೆ ಪರದೆ ಬಿರಿಯಬಹುದು.

ರಿಪೇರಿಗೆ ಕೊಡುವಾಗ

ಸವೆದ ಲೇಪನವನ್ನು ಮತ್ತೆ ಹಚ್ಚಿಕೊಡುವ ರಿಪೇರಿ ಇಲ್ಲ, ಪ್ಯಾನೆಲ್ ಬದಲಾಯಿಸುವುದೊಂದೇ ದಾರಿ. ಪರದೆ ಆನ್ ಇದ್ದಾಗ ಕಲೆ ಕಾಣದಿದ್ದರೆ ಆ ದುಡ್ಡು ಉಳಿಸಿ. ಮೊದಲು ವಾರಂಟಿ ನೋಡಿ. ಸಾಮಾನ್ಯ ವಾರಂಟಿ ಒತ್ತಡದ ಹಾನಿಗೆ ಅನ್ವಯಿಸುವುದಿಲ್ಲ, ಆಕಸ್ಮಿಕ ಹಾನಿಯ ಯೋಜನೆ ಕೊಂಡಿದ್ದರೆ ಅನ್ವಯಿಸಬಹುದು. ನಿಮ್ಮ ಮಾಡೆಲ್‌ಗೆ ವಿಶೇಷ ಉಚಿತ ಯೋಜನೆ ಇದೆಯೇ ಎಂದೂ ಕೇಳಿ. ರೆಟಿನಾ ಮ್ಯಾಕ್‌ಬುಕ್‌ಗಳ ಲೇಪನ ಏಳುತ್ತದೆ ಎಂಬ ದೂರು ಹೆಚ್ಚಿದಾಗ ಆಪಲ್ 2015ರಲ್ಲಿ ಅಂಥದ್ದನ್ನು ತಂದಿತ್ತು.

ಹೊರಗೆ ಮಾಡಿಸುವುದಾದರೆ, ಅದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್‌ಪಿ ರೋಡ್ ಆಗಲಿ ನಿಮ್ಮೂರಿನ ಅಂಗಡಿಯಾಗಲಿ, ಪ್ಯಾನೆಲ್ಲಿನ ಹಿಂದಿನ ಸ್ಟಿಕರಿನಲ್ಲಿರುವ ಪಾರ್ಟ್ ನಂಬರ್ ನೋಡಿಯೇ ದರ ಕೇಳಿ. 15.6 ಇಂಚು ಎಂದರೆ ಸಾಲದು. ಕನೆಕ್ಟರ್ 30 ಪಿನ್ನೋ 40 ಪಿನ್ನೋ, ರೆಸಲ್ಯೂಷನ್ ಎಷ್ಟು, ಮ್ಯಾಟ್ ಹೌದೇ, ಬದಿಯಲ್ಲಿ ಸ್ಕ್ರೂ ಕಿವಿಗಳಿವೆಯೇ ಎಂಬುದೆಲ್ಲ ಹೊಂದಬೇಕು. ಬಣ್ಣದ ವ್ಯಾಪ್ತಿಯನ್ನು, ಅಂದರೆ ಪ್ಯಾನೆಲ್ ಎಷ್ಟು ಬಣ್ಣ ತೋರಿಸಬಲ್ಲದು ಎಂಬುದನ್ನು, ಮರೆಯದೆ ಕೇಳಿ; ಎಸ್‌ಆರ್‌ಜಿಬಿ, ಎನ್‌ಟಿಎಸ್‌ಸಿ ಅದರ ಅಳತೆಗೋಲುಗಳು. ಶೇ 100 ಎಸ್‌ಆರ್‌ಜಿಬಿ ಪ್ಯಾನೆಲ್ ಇದ್ದ ಜಾಗಕ್ಕೆ ಶೇ 45 ಎನ್‌ಟಿಎಸ್‌ಸಿಯ ಅಗ್ಗದ ಪ್ಯಾನೆಲ್ ಕೂತರೆ ಫೋಟೊಗಳು ಬಣ್ಣಗೆಟ್ಟು ಕಾಣುತ್ತವೆ. ಹೊಸದೋ ರೀಫರ್ಬಿಶ್ಡೋ (ದುರಸ್ತಿ ಮಾಡಿದ ಹಳೆಯದೋ), ಎಷ್ಟು ತಿಂಗಳ ಗ್ಯಾರಂಟಿ ಎಂಬುದನ್ನು ಜಿಎಸ್‌ಟಿ ಬಿಲ್ಲಿನಲ್ಲೇ ಬರೆಸಿಕೊಳ್ಳಿ.

ಕೊಡುವ ಮುನ್ನ ಡೇಟಾ ಬ್ಯಾಕಪ್ ಮಾಡಿ, ನಾಲ್ಕೂ ಬದಿಯ ಫೋಟೊ ತೆಗೆದು, ಸೀರಿಯಲ್ ನಂಬರ್ ಇರುವ ಜಾಬ್ ಶೀಟ್ (ರಿಪೇರಿಗೆ ಕೊಟ್ಟದ್ದಕ್ಕೆ ಚೀಟಿ) ಪಡೆಯಿರಿ. ಪರದೆ ಬದಲಾಯಿಸಲು ಪಾಸ್‌ವರ್ಡ್ ಬೇಕಿಲ್ಲ, ಲಾಗಿನ್‌ಗೂ ಮೊದಲು ಸಿಗುವ ಸೆಟ್ಟಿಂಗ್ ಪುಟವಾದ ಬಯೋಸ್ ತೆರೆದರೂ ಚಿತ್ರ ಪರೀಕ್ಷಿಸಬಹುದು. ಕೆಲಸ ಎದುರಿಗೇ ನಡೆದರೆ, ಡಿಸ್‌ಪ್ಲೇ ಕೇಬಲ್ ಬಿಚ್ಚುವ ಮೊದಲು ಬ್ಯಾಟರಿ ಕನೆಕ್ಟರ್ ಕಿತ್ತಿದ್ದಾರೆಯೇ ಗಮನಿಸಿ. ಹಾಗೆ ಮಾಡದಿದ್ದರೆ ಮದರ್‌ಬೋರ್ಡಿನ ಬ್ಯಾಕ್‌ಲೈಟ್ ಫ್ಯೂಸ್ ಹಾರಿ, ಹೊಸ ಪ್ಯಾನೆಲ್ ಕೂಡ ಕತ್ತಲಾಗಿಯೇ ಉಳಿಯಬಹುದು.

ಹಣ ಕೊಡುವ ಮೊದಲು ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಪೂರ್ತಿ ಪರದೆಗೆ ತುಂಬಿ ಸತ್ತ ಪಿಕ್ಸೆಲ್ (ಬಣ್ಣ ಬದಲಿಸದ ಚುಕ್ಕೆ) ಹುಡುಕಿ. ಮುಚ್ಚಳವನ್ನು ಹತ್ತು ಸಲ ತೆಗೆದು ಹಾಕಿ. ಚಿತ್ರ ಮಿನುಗಿದರೆ ಹಿಂಜ್‌ನಲ್ಲಿ ಕೇಬಲ್ ಹಿಚುಕಿರಬಹುದು. ಕ್ಯಾಮೆರಾ, ಮೈಕ್ ಮತ್ತು ವೈಫೈ ನೋಡಿ, ಅನೇಕ ಮಾಡೆಲ್‌ಗಳಲ್ಲಿ ವೈಫೈ ಆಂಟೆನಾ ಮುಚ್ಚಳದೊಳಗೇ ಇರುತ್ತದೆ. ತಕರಾರು ಬಗೆಹರಿಯದಿದ್ದರೆ ಬಿಲ್ ಮತ್ತು ಜಾಬ್ ಶೀಟ್ ಕೈಯಲ್ಲಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.