ಏಳು ಟೇಕು, ಏಳು ವೀಳ್ಯದೆಲೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಕನ್ನಡ ಶಾಲೆಯೊಂದರಲ್ಲಿ ಪಾಠ ಹೇಳಿ ನಿವೃತ್ತನಾದ ಮೇಲೆ ನನಗೆ ಸಿನಿಮಾದಲ್ಲಿ ಸಣ್ಣ ಪಾತ್ರಗಳು ಬರತೊಡಗಿದವು. ಇದುವರೆಗೆ ಮೂರು ಕನ್ನಡ ಮತ್ತು ಎರಡು ಮಲಯಾಳ ಚಿತ್ರಗಳಲ್ಲಿ ಸೋದರಮಾವನಾಗಿ, ದೇವಸ್ಥಾನದ ಮೊಕ್ತೇಸರನಾಗಿ, ಬಸ್ಸಿಗೆ ಕಾಯುವ ಮುದುಕನಾಗಿ ಕಾಣಿಸಿಕೊಂಡಿದ್ದೇನೆ. ನಾಯಕನನ್ನು ಮೀರಿಸುವ ಪೋಷಕ ನಟನೆಂದು ನನ್ನನ್ನು ಯಾರೂ ಕರೆದಿಲ್ಲ, ಕರೆಯಬೇಕಾಗಿಯೂ ಇಲ್ಲ. ಆದರೆ ಮೀರಿಸಲು ಹೊರಟು ಒಮ್ಮೆ ಕೆಟ್ಟಿದ್ದೇನೆ, ಆ ಯೋಚನೆಯನ್ನೇ ಬಿಟ್ಟಿದ್ದಾಗ ಒಮ್ಮೆ ಗೆದ್ದಿದ್ದೇನೆ. ಆ ಎರಡರ ನಡುವೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯ ಚಿತ್ರಕ್ಕೆ ನಾನು ಹೋದದ್ದು ತಾಳಮದ್ದಳೆಯ, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನದ, ಅರ್ಥಧಾರಿಯ ಧೈರ್ಯದಿಂದ; ಪಾತ್ರದ ಮಾತನ್ನು ಆಡುವವನೇ ಅರ್ಥಧಾರಿ. ನಮ್ಮ ಕಡೆ ವಾಲಿವಧೆಯ ಪ್ರಸಂಗವಿದ್ದರೆ ಜನ ವಿಚಾರಿಸುವುದು ರಾಮ ಯಾರೆಂದಲ್ಲ, ವಾಲಿ ಯಾರೆಂದು. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿ ಬೆಳೆದ ನಮಗೆ, ಬಾಣ ತಗಲಿ ಬಿದ್ದವನು ಬಾಣ ಬಿಟ್ಟವನಿಗಿಂತ ದೊಡ್ಡವನಾಗಿ ಕಾಣಬಲ್ಲ ಎಂಬುದನ್ನು ಯಾವ ಸಿನಿಮಾವೂ ಹೇಳಿಕೊಡಬೇಕಾಗಿರಲಿಲ್ಲ. ಅಲ್ಲಿ ಮಾತೇ ಆಯುಧ. ಎದುರಿನ ಅರ್ಥಧಾರಿ ಒಂದು ಪ್ರಶ್ನೆ ಹಾಕಿದರೆ ಉತ್ತರ ಕೊಟ್ಟು ಅದರ ಮೇಲೆ ಇನ್ನೊಂದು ಪ್ರಶ್ನೆ ಹಾಕಬೇಕು. ಅದೇ ಅಭ್ಯಾಸಬಲದಿಂದ, ಬರೆದುಕೊಟ್ಟಿದ್ದ ಎರಡು ವಾಕ್ಯಗಳಿಗೆ ಕ್ಯಾಮೆರಾದ ಮುಂದೆ ನನ್ನವೇ ಎರಡನ್ನು ಸೇರಿಸಿದೆ. ಸೆಟ್ಟಿನಲ್ಲಿದ್ದವರು ನಕ್ಕರು, ಒಬ್ಬ ಲೈಟ್‌ಬಾಯ್ ಚಪ್ಪಾಳೆಯನ್ನೂ ತಟ್ಟಿದ. ನಾಯಕನ ಪಾತ್ರದ ಹುಡುಗ ಮಾತ್ರ ತನ್ನ ಮಾತನ್ನು ಎಲ್ಲಿಂದ ಎತ್ತಿಕೊಳ್ಳಬೇಕೆಂದು ತಿಳಿಯದೆ ನನ್ನ ಮುಖ ನೋಡುತ್ತ ನಿಂತ. ಚಿತ್ರ ಬಿಡುಗಡೆಯಾದಾಗ ಮನೆಯವರು, ನೆಂಟರು ಎಂದು ಹನ್ನೊಂದು ಮಂದಿಯನ್ನು ಕಟ್ಟಿಕೊಂಡು ಹೋಗಿ ನೋಡಿದರೆ, ಆ ಇಡೀ ದೃಶ್ಯದಲ್ಲಿ ನನ್ನದೆಂದು ಉಳಿದಿದ್ದದ್ದು ಬೋಳು ತಲೆಯ ಹಿಂಭಾಗ ಮತ್ತು ಒಂದು ‘ಹೂಂ’. ಶಲ್ಯ ಚೆನ್ನಾಗಿ ಕಂಡಿತು ಎಂದು ಹೆಂಡತಿ ಸಮಾಧಾನ ಹೇಳಿದಳು.

ಸಿಟ್ಟು ಇಳಿದ ಮೇಲೆ ಹಳೆಯ ಚಿತ್ರಗಳನ್ನು ಮತ್ತೆ ನೋಡಲು ಕುಳಿತೆ. ಈ ಸಲ ನೋಡಿದ್ದು ಪೋಷಕ ನಟರನ್ನು ಮಾತ್ರ, ಅದೂ ಅವರು ಮಾತಾಡದೆ ಇರುವ ಹೊತ್ತಿನಲ್ಲಿ. 1972ರ ‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟ್ರನ್ನು, ಅಂದರೆ ಕೆ. ಎಸ್. ಅಶ್ವತ್ಥರನ್ನು, ನಾನೂ ಮೇಷ್ಟ್ರಾದ್ದರಿಂದ ತುಸು ಪಕ್ಷಪಾತದಿಂದಲೇ ನೋಡುತ್ತೇನೆ. ಶಿಷ್ಯ ರಾಮಾಚಾರಿಯ ಸಿಟ್ಟು ನಮಗೆ ಅಷ್ಟು ದೊಡ್ಡದಾಗಿ ಕಾಣುವುದು ಎದುರಿಗೆ ಆ ಮುಖ ಅದನ್ನು ನುಂಗಿಕೊಳ್ಳುವುದರಿಂದ. 1974ರ ‘ಭೂತಯ್ಯನ ಮಗ ಅಯ್ಯು’ವಿನಲ್ಲಿ ಲೋಕೇಶ್ ಇದ್ದಾರೆ, ವಿಷ್ಣುವರ್ಧನ್ ಇದ್ದಾರೆ, ಆದರೂ ನನ್ನ ವಯಸ್ಸಿನವರು ಸೇರಿದಲ್ಲಿ ಮೊದಲು ಮಾತಿಗೆ ಬರುವುದು ಲೋಕನಾಥರು ಉಪ್ಪಿನಕಾಯಿ ತಿನ್ನುವ ದೃಶ್ಯ. ಅಲ್ಲಿ ವಾದವಿಲ್ಲ, ಪೌರುಷವಿಲ್ಲ. ಕೈಗೂ ಬಾಯಿಗೂ ಒಂದು ಕೆಲಸವಿದೆ, ಅದನ್ನು ಅವರು ಸುತ್ತ ಯಾರೂ ಇಲ್ಲವೆಂಬಂತೆ ಮಾಡುತ್ತಾರೆ. ಇನ್ನು ಟಿ. ಎನ್. ಬಾಲಕೃಷ್ಣರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿಗಳ ಚಲನೆಯನ್ನು ಗಮನಿಸಿ ತಮ್ಮ ಮಾತಿನ ಸರದಿ ಹಿಡಿಯುತ್ತಿದ್ದರು. ಅಷ್ಟು ತದೇಕವಾಗಿ ಎದುರು ನಟನನ್ನು ನೋಡುವವನ ಮೇಲೆ ಪ್ರೇಕ್ಷಕನ ಕಣ್ಣು ನಿಲ್ಲದೆ ಹೋದೀತೆ? ಕಿವಿ ಎರಡೂ ನೆಟ್ಟಗಿದ್ದ ನಾನು ಆ ಹುಡುಗನ ಮಾತನ್ನು ಕೇಳಿಸಿಕೊಂಡೇ ಇರಲಿಲ್ಲ.

ನಮ್ಮ ಜಿಲ್ಲೆಯಲ್ಲಿಯೇ ಇದಕ್ಕೆ ಉದಾಹರಣೆಗಳಿವೆ. 2018ರಲ್ಲಿ ಕಾಸರಗೋಡಿನ ಹೆಸರನ್ನೇ ಹೊತ್ತು ಬಂದ ಕನ್ನಡ ಶಾಲೆಯ ಚಿತ್ರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ವಿನಲ್ಲಿ ಅನಂತನಾಗ್ ಇದ್ದರೂ ಪ್ರಕಾಶ್ ತೂಮಿನಾಡು ಅವರ ಭುಜಂಗ ತನ್ನ ಜಾಗವನ್ನು ತಾನೇ ಮಾಡಿಕೊಂಡ. 2022ರ ‘ಕಾಂತಾರ’ದಲ್ಲಿ ಅವರೇ ರಾಂಪನಾದರು. ಇಲ್ಲಿ ಚಿತ್ರೀಕರಣಗೊಂಡು ಅದೇ ವರ್ಷ ತೆರೆಗೆ ಬಂದ ಮಲಯಾಳದ ‘ನ್ನಾ ತಾನ್ ಕೇಸ್ ಕೊಡ್’ ಚಿತ್ರದ ನಾಯಕ ಕುಂಚಾಕೋ ಬೋಬನ್. ಆದರೆ ಮ್ಯಾಜಿಸ್ಟ್ರೇಟರಾಗಿದ್ದ ಪಿ. ಪಿ. ಕುಂಞಿಕೃಷ್ಣನ್, ಅವರೂ ನಿವೃತ್ತ ಶಿಕ್ಷಕರೇ, ಆ ಪಾತ್ರಕ್ಕೆ ಕೇರಳ ಸರಕಾರದ ಪೋಷಕ ನಟ ಪ್ರಶಸ್ತಿ ಪಡೆದರು. ನ್ಯಾಯಪೀಠದಲ್ಲಿ ಕುಳಿತವನ ಮುಖ್ಯ ಕೆಲಸ ಕೇಳುವುದು ತಾನೆ? ಅದನ್ನು ನಾನು ಮೂರು ಸಲ ನೋಡಿದೆ. ಎರಡನೆಯ ಸಲದ ಹೊಟ್ಟೆಕಿಚ್ಚು ಮೂರನೆಯ ಸಲಕ್ಕೆ ಉಳಿಯಲಿಲ್ಲ.

ನಡುವೆ ಒಂದು ಚಿತ್ರ ಬಂತು, ಹೋಯಿತು. ಮೂರನೆಯದರಲ್ಲಿ ನನ್ನದು ಸೋದರಮಾವನ ಪಾತ್ರ. ಮನೆಯ ಜಗಲಿಯಲ್ಲಿ ಕುಳಿತ ಮಾವನ ಎದುರು ಅಳಿಯ ಬಂದು ಹಿರಿಯರ ಅಡಿಕೆ ತೋಟವನ್ನು ಮಾರಿಬಿಟ್ಟೆನೆಂದು ಹೇಳಬೇಕು. ಅವನಿಗೆ ಎರಡು ನಿಮಿಷದ ಮಾತು, ನನಗೆ ಕೊನೆಯಲ್ಲಿ ಒಂದೇ ವಾಕ್ಯ. ವೀಳ್ಯದೆಲೆಯ ತಟ್ಟೆಯೊಂದನ್ನು ಇರಿಸಿಕೊಳ್ಳಲು ನಿರ್ದೇಶಕರ ಒಪ್ಪಿಗೆ ಕೇಳಿದೆ. ಹಿಂದಿನ ರಾತ್ರಿ ಅಳಿಯನ ಮಾತುಗಳನ್ನು ನನ್ನ ಮಾತುಗಳಿಗಿಂತ ಚೆನ್ನಾಗಿ ಬಾಯಿಪಾಠ ಮಾಡಿದೆ. ಅವನು ತಾಯಿಯ ಹೆಸರೆತ್ತುವಾಗ ಎಲೆಯನ್ನು ಪಂಚೆಗೆ ಒರಸುವುದು, ಬ್ಯಾಂಕಿನ ಸಾಲ ಎನ್ನುವಾಗ ತೊಟ್ಟು ಮುರಿಯುವುದು, ಆಮೇಲೆ ಎಲೆಯನ್ನು ಮಗುಚಿ ಬೆನ್ನಿನ ನಾರನ್ನು ಉಗುರಿನಿಂದ ಎಳೆಯುವುದು, ತೋರುಬೆರಳಿನಿಂದ ಸುಣ್ಣ ಹಚ್ಚುವುದು, ಅಡಿಕೆ ಹೋಳು ಇಟ್ಟು ಮಡಚುವುದು, ಹೀಗೆ ಒಂದೊಂದು ಕೆಲಸವನ್ನೂ ಅವನ ಒಂದೊಂದು ಮಾತಿಗೆ ಗಂಟು ಹಾಕಿದೆ.

ಇದು ಬರಿಯ ಶೋಕಿಯಲ್ಲ. ಒಂದೇ ದೃಶ್ಯವನ್ನು ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ, ಅವನ ಭುಜದ ಹಿಂದಿನಿಂದ ಇನ್ನೊಮ್ಮೆ ಎಂದು ತೆಗೆಯುತ್ತಾರೆ. ದೂರದ ಶಾಟಿನಲ್ಲಿ ಸುಣ್ಣ ಬೆರಳಿನಲ್ಲಿದ್ದು, ಅದೇ ಮಾತಿಗೆ ಹತ್ತಿರದ ಶಾಟಿನಲ್ಲಿ ಡಬ್ಬಿಯಲ್ಲಿಯೇ ಉಳಿದಿದ್ದರೆ, ಎಷ್ಟು ಚೆನ್ನಾಗಿ ನಟಿಸಿದ್ದರೂ ಸಂಕಲನಕಾರ ಅವೆರಡನ್ನು ಜೋಡಿಸಲಾರ. ಆಗ ಅವನಿಗಿರುವ ದಾರಿ ನಮ್ಮನ್ನು ಬಿಟ್ಟು ನಾಯಕನ ಮುಖಕ್ಕೆ ಹೋಗುವುದೊಂದೇ. ಕೈ ಪ್ರತಿ ಸಲವೂ ಅದೇ ಮಾತಿಗೆ ಅದೇ ಜಾಗದಲ್ಲಿದ್ದರೆ, ಬೇಕಾದಾಗ ನಮ್ಮ ಕಡೆಗೆ ಬರುವ ಸ್ವಾತಂತ್ರ್ಯ ಅವನಿಗಿರುತ್ತದೆ.

ಆದರೂ ಮೊದಲ ಟೇಕು ನನ್ನಿಂದಲೇ ಹಾಳಾಯಿತು. ಚಿತ್ರೀಕರಣದ ಹೊತ್ತಿಗೇ ಧ್ವನಿಯನ್ನೂ ದಾಖಲಿಸುತ್ತಿದ್ದರು. ಹಿತ್ತಾಳೆಯ ಸುಣ್ಣದ ಡಬ್ಬಿಯ ಮುಚ್ಚಳ ಅಳಿಯನ ಮಾತಿನ ಮೇಲೆಯೇ ‘ಟಕ್’ ಎಂದಿತು. ಅವನು ಉಸಿರೆಳೆದುಕೊಳ್ಳುವ ಬಿಡುವಿನಲ್ಲಿ ಮುಚ್ಚುವುದನ್ನು ಆಮೇಲೆ ರೂಢಿಸಿಕೊಂಡೆ. ಎರಡು ಟೇಕು ಬಸ್ಸಿನ ಹಾರನ್ನಿಗೆ ಹೋದವು, ಉಳಿದವು ಬೇರೆ ಬೇರೆ ಕೋನಗಳಿಗೆ. ಪ್ರತಿ ಸಲವೂ ಹೊಸ ಎಲೆ. ಏಳನೆಯ ಟೇಕಿನಲ್ಲಿ ಅವನು ‘ಮಾರಿದೆ’ ಎಂದಾಗ ಮಡಚಿದ ಎಲೆಯನ್ನು ತಟ್ಟೆಗೆ ಇಟ್ಟು ನನ್ನ ಒಂದು ವಾಕ್ಯವನ್ನು ಹೇಳಿದೆ. ಹಿಂದಿನ ಆರರಲ್ಲಿಯೂ ಹಾಗೆಯೇ ಇಟ್ಟಿದ್ದೆ.

ಪರದೆಯ ಮೇಲೆ ನೋಡಿದರೆ, ಅಳಿಯನ ಮಾತಿನ ಅರ್ಧದಷ್ಟು ಹೊತ್ತು ಅವನ ಧ್ವನಿ ಕೇಳಿಸುತ್ತದೆ, ಕಾಣುವುದು ನನ್ನ ಕೈಗಳು. ಆ ಹುಡುಗನ ನಟನೆಯಲ್ಲಿ ಕೊರತೆಯೇನೂ ಇರಲಿಲ್ಲ. ಕಥೆಯ ಗಾಡಿ ಎಳೆಯುವ ಭಾರ ಅವನ ಹೆಗಲ ಮೇಲಿತ್ತು, ನನ್ನ ಕೈಯಲ್ಲಿದ್ದದ್ದು ಒಂದು ಎಲೆ ಮಾತ್ರ. ನಾಯಕನಿಗಿಂತ ಪೋಷಕ ನಟ ಚೆನ್ನಾಗಿ ಮಾಡಿದನೆಂದು ಬರೆಯುವವರು ಈ ಲೆಕ್ಕವನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ಚಿತ್ರ ನೋಡಿ ಬಂದ ನೆರೆಮನೆಯ ಹಿರಿಯರೊಬ್ಬರು ಗೇಟಿನ ಬಳಿಯೇ ನನ್ನನ್ನು ನಿಲ್ಲಿಸಿದರು. “ಮಾಷ್ಟ್ರೇ, ಅಷ್ಟು ಚಂದ ಮಡಚಿದ ಎಲೆಯನ್ನು ನೀವು ತಿನ್ನದೆ ಇಟ್ಟದ್ದು ನೋಡಿ ಹೊಟ್ಟೆಯಲ್ಲಿ ಒಂಥರಾ ಆಯಿತು. ಮಾರಿದ ತೋಟದ ಅಡಿಕೆ ಗಂಟಲಲ್ಲಿ ಇಳಿಯುವುದು ಹೇಗೆ, ಅಲ್ಲವಾ?” ಎಂದರು. ನಾನು ತಲೆಯಾಡಿಸಿದೆ. ಬಾಯಲ್ಲಿ ಎಲೆಯಿದ್ದರೆ ನನ್ನ ಆ ಒಂದು ವಾಕ್ಯ ಸ್ಪಷ್ಟವಾಗಿ ದಾಖಲಾಗದೆಂಬ ಹೆದರಿಕೆಯಿಂದ ಅದನ್ನು ಕೆಳಗಿಟ್ಟಿದ್ದೆನೆಂದು ಅವರಿಗೆ ಇಂದಿನವರೆಗೂ ಹೇಳಿಲ್ಲ.