ಬೆಂಗಳೂರೋ ಮೈಸೂರೋ: ಬಾಡಿಗೆಯ ಜೊತೆಗೆ ದಾರಿಯ ಲೆಕ್ಕವನ್ನೂ ಹಾಕುವ ಬಗೆ

ಬೆಂಗಳೂರಿನಲ್ಲಿ ಒಂದು ಕೆಲಸ, ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಇನ್ನೊಂದು ಕೆಲಸ ಕೈಗೆ ಬಂದಾಗ ಬಹುತೇಕರು ಮೊದಲು ಸಂಬಳವನ್ನು, ಆಮೇಲೆ ಬಾಡಿಗೆಯನ್ನು ಹೋಲಿಸುತ್ತಾರೆ; ಮನೆಯ ಹೊಸ್ತಿಲಿನಿಂದ ಕಚೇರಿಯ ಮೇಜಿನವರೆಗೆ ದಿನವೂ ಕಳೆಯುವ ಹೊತ್ತು ಲೆಕ್ಕಕ್ಕೇ ಬರುವುದಿಲ್ಲ. ಆ ಹೊತ್ತಿಗೂ ಬೆಲೆ ಕಟ್ಟಿದ ಮೇಲೆಯೇ ಊರನ್ನು ಆರಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಮೊದಲು ಸಮಯವನ್ನು ಅಳೆಯಿರಿ. ಬೆಂಗಳೂರಿನಲ್ಲಿ ಕಿಲೋಮೀಟರು ಹೆಚ್ಚೇನೂ ಹೇಳುವುದಿಲ್ಲ. ಟಾಮ್‌ಟಾಮ್ ಸಂಸ್ಥೆಯ 2024ರ ಸಂಚಾರ ಸೂಚ್ಯಂಕದ ಪ್ರಕಾರ ಅಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ ಬೇಕಾಗಿತ್ತು. ಇದು ವರ್ಷದ ಸರಾಸರಿಯಾದ್ದರಿಂದ, ಮಳೆ ಬಂದ ಸಂಜೆ ಸಿಲ್ಕ್ ಬೋರ್ಡ್ ದಾಟಬೇಕಾದವರು ಇದನ್ನು ನಂಬಿ ಕೂರುವಂತಿಲ್ಲ. ಭಾನುವಾರ ಮಧ್ಯಾಹ್ನ ಮನೆ ನೋಡಲು ಹೋದಾಗ ಹಿಡಿದ ಸಮಯವನ್ನು ಬದಿಗಿಟ್ಟು, ಕೆಲಸದ ದಿನವೊಂದರಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ, ಸಂಜೆ ಆರೂವರೆಗೆ ಅದೇ ದಾರಿಯಲ್ಲಿ ಮರಳಿ ನೋಡಿ.

ಬೆಂಗಳೂರಿನ ಮೆಟ್ರೊ ರೈಲಿನ ಲೆಕ್ಕ ಬೇರೆ. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗಿನ ನೇರಳೆ ಮಾರ್ಗ, ಮಾದಾವರದಿಂದ ರೇಷ್ಮೆ ಸಂಸ್ಥೆಯವರೆಗಿನ ಹಸಿರು ಮಾರ್ಗ, 2025ರ ಆಗಸ್ಟ್‌ನಲ್ಲಿ ಆರಂಭವಾದ ಆರ್.ವಿ. ರಸ್ತೆ–ಬೊಮ್ಮಸಂದ್ರ ಹಳದಿ ಮಾರ್ಗ, ಇವುಗಳ ನಿಲ್ದಾಣಕ್ಕೆ ಮನೆ ಮತ್ತು ಕಚೇರಿ ಎರಡೂ ನಡಿಗೆಯ ದೂರದಲ್ಲಿದ್ದರೆ ಲೆಕ್ಕವೇ ಬದಲಾಗುತ್ತದೆ. ಒಂದು ಕಡೆ ಆಟೊ ಹಿಡಿಯಬೇಕಾದರೆ ಉಳಿತಾಯ ಅಲ್ಲೇ ಕರಗುತ್ತದೆ. 2025ರ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರವೂ 60 ರೂಪಾಯಿಯಿಂದ 90 ರೂಪಾಯಿಗೆ ಏರಿತು. ‘ಮುಂದಿನ ವರ್ಷ ಇಲ್ಲಿಗೆ ಮೆಟ್ರೊ ಬರುತ್ತದೆ’ ಎಂದು ಮಾಲೀಕರು ಹೇಳಿದರೆ ಅದಕ್ಕಾಗಿ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಹಳದಿ ಮಾರ್ಗಕ್ಕೆ ಜನ ಎಷ್ಟು ವರ್ಷ ಕಾದರೆಂಬುದು ಎಲ್ಲರಿಗೂ ನೆನಪಿದೆ.

ಈಗ ಹಣ ಮತ್ತು ಸಮಯವನ್ನು ಕೂಡಿಸಿ. ಉದಾಹರಣೆಗೆ, ಬೆಂಗಳೂರಿನ ಕೆಲಸ ತಿಂಗಳಿಗೆ 20,000 ರೂಪಾಯಿ ಹೆಚ್ಚು ಕೊಡುತ್ತದೆ ಎಂದುಕೊಳ್ಳೋಣ. ಅಲ್ಲಿ ಬಾಡಿಗೆ 13,000, ಓಡಾಟದ ಖರ್ಚು 3,000 ಹೆಚ್ಚಾದರೆ ಉಳಿಯುವುದು 4,000. ದಿನಕ್ಕೆ ಎರಡೂವರೆ ಗಂಟೆಯಂತೆ 22 ದಿನಕ್ಕೆ 55 ಗಂಟೆ ದಾರಿಯಲ್ಲಿ ಹೋಗುತ್ತದೆ. ಮೈಸೂರಿನಲ್ಲಿ ದಿನಕ್ಕೆ 40 ನಿಮಿಷವಾದರೆ ಸುಮಾರು 15 ಗಂಟೆ. ಅಂದರೆ ಹೆಚ್ಚುವರಿ 40 ಗಂಟೆಗಳನ್ನು ನೀವು ಗಂಟೆಗೆ 100 ರೂಪಾಯಿಯಂತೆ ಮಾರಿದಂತಾಯಿತು. ನಿಮ್ಮದೇ ಅಂಕಿಗಳನ್ನು ಹಾಕಿ ಬಂದ ಮೊತ್ತ ನಿಮಗೆ ಒಪ್ಪಿಗೆಯೇ ಎಂದು ನೋಡಿ. ಹಲವು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೇಳುವ ಮನೆಯಾದರೆ, ಆ ಹಣ ಬ್ಯಾಂಕಿನಲ್ಲಿದ್ದರೆ ಬರುತ್ತಿದ್ದ ಬಡ್ಡಿಯನ್ನೂ ಖರ್ಚಿಗೆ ಸೇರಿಸಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಜಾರಿಯಲ್ಲಿರುವುದರಿಂದ, ರಾಜ್ಯದ ಮಹಿಳೆಯರು ಸಾಮಾನ್ಯ ಸರ್ಕಾರಿ ಬಸ್ಸಿನಲ್ಲೇ ಓಡಾಡುವುದಾದರೆ ಬಸ್ ಖರ್ಚನ್ನು ಈ ಲೆಕ್ಕದಿಂದ ತೆಗೆಯಬಹುದು.

ಮೈಸೂರಿನಲ್ಲಿದ್ದು ಬೆಂಗಳೂರಿಗೆ ಓಡಾಡುವ ಯೋಚನೆಯೂ ಹಲವರಿಗಿದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೆದ್ದಾರಿಯಿಂದ ದಾರಿ ಚಿಕ್ಕದಾದಂತೆ ಅನ್ನಿಸುವುದು ನಿಜ, ಆದರೆ ಉಳಿದ ಸಮಯವನ್ನು ಕೆಂಗೇರಿಯಿಂದಾಚೆಯ ರಸ್ತೆ ನುಂಗುತ್ತದೆ; ಬೈಕಿಗೆ ಮುಖ್ಯ ಪಥದಲ್ಲಿ ಪ್ರವೇಶವೂ ಇಲ್ಲ. ರೈಲಿನ ಮಾಸಿಕ ಪಾಸು ಅಗ್ಗವೇನೋ ಹೌದು. ವಾರಕ್ಕೆ ಎರಡು ದಿನ ಮಾತ್ರ ಕಚೇರಿಗೆ ಹೋಗುವವರಿಗೆ ಇದು ಸರಿಹೊಂದೀತು. ಆರು ದಿನವೂ ಹೋಗಬೇಕಾದವರಿಗೆ ನಾನು ಇದನ್ನು ಸೂಚಿಸಲಾರೆ. ಹುಬ್ಬಳ್ಳಿ–ಧಾರವಾಡದವರ ಸ್ಥಿತಿ ಇದಕ್ಕಿಂತ ಮೇಲು: ಪ್ರತ್ಯೇಕ ಪಥದಲ್ಲಿ ಓಡುವ ಚಿಗರಿ ಬಸ್ಸುಗಳಿರುವುದರಿಂದ ಒಂದು ಊರಿನಲ್ಲಿ ಮನೆ, ಇನ್ನೊಂದರಲ್ಲಿ ಕೆಲಸ ಎಂಬ ಬದುಕು ಸಾಧ್ಯ.

ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಾದರೆ ಈ ಲೆಕ್ಕವನ್ನು ಇಬ್ಬರಿಗೂ ಬೇರೆ ಬೇರೆಯಾಗಿ ಹಾಕಿ ಕೂಡಿಸಿ, ಮಕ್ಕಳಿದ್ದರೆ ಶಾಲೆಯ ವ್ಯಾನು ಆ ಬೀದಿಗೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಬರುತ್ತದೆಂಬುದನ್ನು ಅಡ್ವಾನ್ಸ್ ಕೊಡುವ ಮೊದಲೇ ಕೇಳಿಕೊಳ್ಳಿ.