ಫೈಕಸ್ ಎಲೆ ಉದುರಿಸುತ್ತಿದೆಯಾ? ಮೊದಲು ಚೊಂಬು ಕೆಳಗಿಡಿ

ನರ್ಸರಿಯ ನೆರಳು ಬಲೆಯ ಕೆಳಗೆ ಮೈತುಂಬ ಎಲೆ ಹೊತ್ತಿದ್ದ ಫೈಕಸ್, ತುಮಕೂರಿನ ಯಾವುದೋ ಮನೆಯ ಹಾಲ್‌ಗೆ ಬಂದ ಕೆಲವೇ ದಿನಕ್ಕೆ ಎಲೆ ಉದುರಿಸಲು ಶುರುಮಾಡುತ್ತದೆ. ಮನೆಯವರಿಗೆ ಗಾಬರಿ. ದಿನಕ್ಕೆರಡು ಸಲ ನೀರು, ಮೇಲೊಂದು ಹಿಡಿ ಗೊಬ್ಬರ. ಎಷ್ಟೋ ಗಿಡ ಸಾಯುವುದು ಈ ಉಪಚಾರದಿಂದಲೇ.

ಮೊದಲು ಬೋಳು ಕಡ್ಡಿಯನ್ನು ಉಗುರಿನಿಂದ ಕೆರೆದು ನೋಡಿ. ಸಿಪ್ಪೆಯ ಕೆಳಗೆ ಹಸಿರಿದ್ದರೆ ಜೀವ ಇದೆ. ಒಣಗಿದ ಕಡ್ಡಿ ಮಾತ್ರ ಕತ್ತರಿಸಿ. ಇದು ಆಲ, ಅತ್ತಿಯ ಬಳಗದ ಗಿಡ, ಹಾಲು ಬರುತ್ತದೆ. ಕೆಲವರಿಗೆ ಅದರಿಂದ ತುರಿಕೆ.

ಪೂರ್ವದ ಕಿಟಕಿ ಪಕ್ಕ ಇಟ್ಟು, ಅಲ್ಲೇ ಬಿಡಿ. ಬೆಳಕು ಬದಲಾದರೆ ಫೈಕಸ್ ಹಸಿರು ಎಲೆಯನ್ನೂ ಉದುರಿಸುತ್ತದೆ. ಇವತ್ತು ಟಿವಿ ಪಕ್ಕ, ನಾಳೆ ಸೋಫಾ ಪಕ್ಕ ಅಂತ ಸುತ್ತಿಸಬೇಡಿ. ಎಸಿ ಗಾಳಿ ನೇರವಾಗಿ ತಾಗಬಾರದು.

ಇನ್ನು ನೀರು. ಎಡವಟ್ಟಾಗುವುದೇ ಇಲ್ಲಿ. ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ. ತೇವ ತಾಗಿದರೆ ನೀರು ಬೇಡ, ಅಷ್ಟೇ. ಎಲೆ ಹಳದಿಯಾಗಿ ಬೀಳುತ್ತಿದ್ದು, ಮಣ್ಣೂ ಸದಾ ಒದ್ದೆಯಿದ್ದರೆ ಬೇರು ಕೊಳೆಯುತ್ತಿರಬಹುದು. ಎಲೆ ಗರಿಗರಿ ಒಣಗಿ ಬೀಳುತ್ತಿದ್ದರೆ ಕಥೆಯೇ ಬೇರೆ. ನಮ್ಮ ಕಡೆಯ ಕೆಂಪು ಮಣ್ಣಿನ ಹೆಂಟೆ ಒಮ್ಮೆ ಪೂರ್ತಿ ಒಣಗಿತೆಂದರೆ ಗಟ್ಟಿಯಾಗಿ, ಕುಂಡದ ಅಂಚು ಬಿಟ್ಟುಕೊಳ್ಳುತ್ತದೆ. ಹಾಕಿದ ನೀರು ಆ ಸಂದಿನಲ್ಲಿ ಸರಕ್ಕನೆ ಇಳಿದು ತಟ್ಟೆ ತುಂಬುತ್ತದೆ. ಧಾರಾಳ ನೀರಾಯಿತು ಅಂದುಕೊಳ್ಳುತ್ತೀರಿ, ಒಳಗೆ ಬೇರು ಒಣಗಿಯೇ ಇರುತ್ತದೆ. ಇಂಥ ಕುಂಡವನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಕೂರಿಸಿ. ಗುಳ್ಳೆ ಬರುವುದು ನಿಂತ ಮೇಲೆ ಎತ್ತಿ, ಪೂರ್ತಿ ಸೋರಲು ಬಿಡಿ. ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ.

ಯಾವ ನೀರು ಅನ್ನುವುದೂ ಮುಖ್ಯ. ಆರ್‌ಒ ಮೆಷಿನ್ ಹೊರಗೆ ಬಿಡುವ ನೀರನ್ನು ‘ವೇಸ್ಟ್ ಯಾಕೆ’ ಅಂತ ಗಿಡಕ್ಕೆ ಹಾಕುವವರಿದ್ದಾರೆ. ಬೋರ್ ನೀರಿನ ಉಪ್ಪೆಲ್ಲ ಅದರಲ್ಲೇ ಸೇರಿರುತ್ತದೆ. ಅದನ್ನು ನೆಲ ಒರೆಸಲು ಬಳಸಿ. ಮಣ್ಣಿನ ಮೇಲೆ ಬೆಳ್ಳಗೆ ಪುಡಿ ಕಟ್ಟಿದ್ದರೆ ಒಂದು ಪದರ ಕೆರೆದು ತೆಗೆದು, ಹಿಡಿದಿಟ್ಟ ಮಳೆ ನೀರನ್ನು ತಳದಿಂದ ಹರಿದುಹೋಗುವಷ್ಟು ಹಾಕಿ.

ಕುಂಡ ಬದಲಿಸುವ ಆತುರ ಬೇಡ. ಬೇರು ಕೊಳೆತಿದ್ದರೆ ಮಾತ್ರ ಬದಲಿಸಿ, ಮಣ್ಣಿಗೆ ತೆಂಗಿನ ನಾರಿನ ಪುಡಿ ಬೆರೆಸಿ. ತಿಪಟೂರು ನಮ್ಮ ಜಿಲ್ಲೆಯಲ್ಲೇ ಇದೆ, ಪುಡಿಗೇನೂ ಬರ ಇಲ್ಲ. ಆದರೆ ತೊಳೆಯದ ಪುಡಿಯಲ್ಲೂ ಉಪ್ಪಿರುತ್ತದೆ. ನೆನೆಸಿ, ಒಂದೆರಡು ಸಲ ಹಿಂಡಿಯೇ ಹಾಕಿ.

ಎಲೆಯ ಹಿಂಭಾಗ ಒಮ್ಮೆ ನೋಡಿ. ಸಣ್ಣ ಬಲೆ, ಅಂಟಂಟು ಕಂಡರೆ ಲೀಟರಿಗೆ 5 ಮಿಲೀ ಬೇವಿನೆಣ್ಣೆ, ಎರಡು ಹನಿ ಸೋಪು ಬೆರೆಸಿ ಸಂಜೆ ಸಿಂಪಡಿಸಿ. ಎಲೆ ಹೊಳೆಯಿಸುವ ಸ್ಪ್ರೇ ದುಡ್ಡು ದಂಡ. ಒದ್ದೆ ಬಟ್ಟೆ ಸಾಕು.

ಗೊಬ್ಬರಕ್ಕೆ ಹೊಸ ಚಿಗುರು ಬರುವವರೆಗೆ ಕಾಯಿರಿ. ಆಮೇಲೂ ಒಂದು ಹಿಡಿ ಎರೆಗೊಬ್ಬರ ಸಾಕು. ಯೂರಿಯಾ ಮಾತ್ರ ಬೇಡವೇ ಬೇಡ.